ವೈಲಿಮದ ಕಥೆಗಾರ

ನಾನು ಕನ್ನಡದ ಅಧ್ಯಾಪಕ. ಇಂಗ್ಲಿಷ್ ಕಾದಂಬರಿಕಾರರ ವಿಷಯದಲ್ಲಿ ಅಧಿಕಾರದಿಂದ ಮಾತನಾಡುವ ಹಕ್ಕು ನನಗಿಲ್ಲ. ಆದರೂ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ಋಣವೊಂದು ಹೈಸ್ಕೂಲಿನ ದಿನಗಳಿಂದ ನನ್ನ ಮೇಲಿದೆ. ಮಲೆನಾಡಿನ ಒಂದು ಮಳೆಗಾಲದಲ್ಲಿ ಜ್ವರದಿಂದ ಹಾಸಿಗೆ ಹಿಡಿದಿದ್ದಾಗ ಅವನ ನಿಧಿದ್ವೀಪದ ಕಥೆಯ ಸಂಗ್ರಹರೂಪವೊಂದು ನನ್ನ ಕೈಗೆ ಬಂದಿತು. ಸೂರಿನ ನೀರು ಅಂಗಳಕ್ಕೆ ಸುರಿಯುವ ಸದ್ದು ಆ ಮೂರು ದಿನ ನನಗೆ ಕಡಲಿನ ಸದ್ದಾಗಿಯೇ ಕೇಳಿಸಿತು. ಕಥೆ ಬರೆದವನೂ ಬಾಳಿನ ಬಹುಭಾಗವನ್ನು ಹಾಸಿಗೆಯಲ್ಲಿ ಕಳೆದವನೆಂಬುದು, ಬರೆಯುವ ಕಾಲಕ್ಕೆ ಅವನು ಉಷ್ಣವಲಯದ ದ್ವೀಪವೊಂದನ್ನೂ ಕಂಡಿರಲಿಲ್ಲವೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ. ದ್ವೀಪವನ್ನು ಕಲ್ಪಿಸಿದವನು ಕಡೆಗೆ ದ್ವೀಪದಲ್ಲಿಯೇ ನೆಲೆಸಿದಾಗ ಪಡೆದದ್ದೇನು, ಕೊಟ್ಟದ್ದೇನು ಎಂಬುದನ್ನು ನನ್ನ ವಿದ್ಯಾರ್ಥಿಮಿತ್ರರಿಗಾಗಿ ಇಲ್ಲಿ ನಿರೂಪಿಸುತ್ತೇನೆ.

ಸ್ಟೀವನ್‌ಸನ್ ಹುಟ್ಟಿದ್ದು 1850ರ ನವೆಂಬರ್ 13ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಅವನದು ದೀಪಸ್ತಂಭಗಳನ್ನು ಕಟ್ಟುವ ಎಂಜಿನಿಯರುಗಳ ಮನೆತನ. ಅಜ್ಜ, ಅಲೆಗಳು ಮುಚ್ಚಿ ತೆರೆಯುವ ಬೆಲ್ ರಾಕ್ ಬಂಡೆಯ ಮೇಲೆ ದೀಪಸ್ತಂಭವನ್ನು ನಿಲ್ಲಿಸಿ ಕೀರ್ತಿವಂತನಾದವನು. ತಂದೆ ಥಾಮಸ್ ಅದೇ ವೃತ್ತಿಯಲ್ಲಿ ಹೆಸರಾದವನು. ಒಬ್ಬನೇ ಮಗನೂ ಅದೇ ದಾರಿ ಹಿಡಿಯಬೇಕೆಂಬುದು ತಂದೆಯ ಹಂಬಲ. ಆದರೆ ಹುಡುಗನ ಎದೆ ದುರ್ಬಲವಾಗಿತ್ತು, ಮನಸ್ಸು ಸಾಹಿತ್ಯಕ್ಕೆ ಒಲಿದಿತ್ತು. 1871ರಲ್ಲಿ ಎಂಜಿನಿಯರಿಂಗ್ ವ್ಯಾಸಂಗವನ್ನು ಕೈಬಿಡುವುದಾಗಿ ಅವನು ತಿಳಿಸಿದಾಗ ತಂದೆ ನೊಂದುಕೊಂಡ. ಆ ನೋವನ್ನು ಶಮನಗೊಳಿಸಲೆಂದು ಮಗ ನ್ಯಾಯಶಾಸ್ತ್ರವನ್ನು ಓದಿದ. 1875ರಲ್ಲಿ ವಕೀಲನೂ ಆದ. ಕಸುಬು ಮಾತ್ರ ಲೇಖನಿಯದೇ ಆಯಿತು. 1880ರಲ್ಲಿ, ತನಗಿಂತ ಹಿರಿಯಳೂ ಮಕ್ಕಳ ತಾಯಿಯೂ ಆಗಿದ್ದ ಫ್ಯಾನಿ ಎಂಬ ಅಮೆರಿಕದ ಮಹಿಳೆಯನ್ನು ವರಿಸಿದ. 1881ರಲ್ಲಿ ಬಿಡುವಿಲ್ಲದೆ ಮಳೆ ಹಿಡಿದಿದ್ದಾಗ, ಮಲಮಗ ಲಾಯ್ಡನನ್ನು ರಂಜಿಸಲು ಬರೆದ ದ್ವೀಪದ ನಕ್ಷೆಯಿಂದ ನಿಧಿದ್ವೀಪದ ಕಥೆ ಮೊಳೆಯಿತು. ಅದು 1883ರಲ್ಲಿ ಪುಸ್ತಕವಾಗಿ ಬಂದಿತು; ಡಾಕ್ಟರ್ ಜೆಕಿಲ್ಲನ ಕಥೆ 1886ರಲ್ಲಿ. ಕೀರ್ತಿ ಬಂದಿತು, ಆರೋಗ್ಯ ಬರಲಿಲ್ಲ.

1887ರಲ್ಲಿ ತಂದೆ ತೀರಿಕೊಂಡ ಮೇಲೆ ಅವನು ತಾಯಿ, ಹೆಂಡತಿ, ಮಲಮಗನೊಡನೆ ಅಮೆರಿಕಕ್ಕೆ ಹೊರಟ. ಮುಂದಿನ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಹಾಯಿಹಡಗನ್ನು ಬಾಡಿಗೆಗೆ ಪಡೆದು ಪೆಸಿಫಿಕ್ ಸಾಗರದ ದ್ವೀಪಗಳತ್ತ ಸಾಗಿದ. 1889ರಲ್ಲಿ ಹವಾಯಿಯಲ್ಲಿದ್ದಾಗ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನೆಲೆಗೆ ಹೋಗಿ ಕೆಲವು ದಿನವಿದ್ದು, ಅಲ್ಲಿನ ಹೆಣ್ಣುಮಕ್ಕಳೊಡನೆ ಆಟವಾಡಿ ಬಂದ. ಆ ವರ್ಷದ ಡಿಸೆಂಬರಿನಲ್ಲಿ ಸಮೋವಾದ ಉಪೋಲು ದ್ವೀಪದ ಅಪಿಯಾ ಬಂದರಿಗೆ ಇಳಿದ. ಅದೇ ಮಾರ್ಚ್ ತಿಂಗಳ ಚಂಡಮಾರುತದಲ್ಲಿ, ದ್ವೀಪದ ಒಡೆತನಕ್ಕಾಗಿ ಎದುರುಬದುರು ನಿಂತಿದ್ದ ಜರ್ಮನಿಯ ಮೂರು, ಅಮೆರಿಕದ ಮೂರು ಯುದ್ಧನೌಕೆಗಳು ದಡಕ್ಕೂ ಹವಳದ ದಿಬ್ಬಕ್ಕೂ ಅಪ್ಪಳಿಸಿದ್ದವು. ಒಡೆದ ಹಡಗಿನ ಅಸ್ಥಿಪಂಜರ ಅವನು ಇಳಿದಾಗಲೂ ಅಲ್ಲಿ ಬಿದ್ದಿತ್ತು.

ನಮ್ಮ ಶಿವಮೊಗ್ಗ ಭೂಮಧ್ಯರೇಖೆಯಿಂದ ಬಡಗಣಕ್ಕೆ ಎಷ್ಟು ದೂರವೋ ಉಪೋಲು ತೆಂಕಣಕ್ಕೆ ಸುಮಾರು ಅಷ್ಟೇ ದೂರ. ಆದಕಾರಣ ಋತುಗಳು ಅಲ್ಲಿ ಅದಲುಬದಲು. ನಮ್ಮಲ್ಲಿ ಮೋಡ ಕವಿಯುವ ಹೊತ್ತಿಗೆ ಅಲ್ಲಿ ಮಳೆ ಹಿಂತೆಗೆದು ಆಗ್ನೇಯದ ತಂಗಾಳಿ ಬೀಸತೊಡಗುತ್ತದೆ. ನಮ್ಮಲ್ಲಿ ಸುಗ್ಗಿಗೆ ಅಣಿಯಾಗುವ ನವೆಂಬರಿನಲ್ಲಿ ಅಲ್ಲಿ ಮಳೆಗಾಲ ತೊಡಗಿ ಏಪ್ರಿಲಿನವರೆಗೂ ನಿಲ್ಲುತ್ತದೆ. ತೆಂಗು, ಬಾಳೆ, ಜೀಗುಜ್ಜೆ, ಕೆಸುವಿನ ಗಡ್ಡೆಗಳೇ ಜನರ ಆಹಾರ. ಕಾದ ಕಲ್ಲುಗಳ ಒಲೆಯಲ್ಲಿ ಎಲೆಮುಚ್ಚಿ ಅದನ್ನು ಬೇಯಿಸುವರು. ಅಕ್ಟೋಬರಿನಲ್ಲೋ ನವೆಂಬರಿನಲ್ಲೋ, ಕೃಷ್ಣಪಕ್ಷದ ಚಂದ್ರ ಅರ್ಧಕ್ಕೆ ಇಳಿದ ಒಂದೆರಡು ರಾತ್ರಿ, ಹವಳದ ಸಂದುಗಳಲ್ಲಿ ವಾಸಿಸುವ ಪಲೋಲೊ ಎಂಬ ಹುಳುವಿನ ಸಂತಾನ ರಾಶಿರಾಶಿಯಾಗಿ ನೀರಿನ ಮೇಲಕ್ಕೆ ಬರುತ್ತದೆ. ಊರಿಗೆ ಊರೇ ಬಲೆ ಬುಟ್ಟಿಗಳನ್ನು ಹಿಡಿದು ನಸುಕಿನಲ್ಲಿ ಕಡಲಿಗಿಳಿದು ಅದನ್ನು ಬಾಚಿಕೊಳ್ಳುತ್ತದೆ. ಬೆಳಗಾಗುವಷ್ಟರಲ್ಲಿ ಎಲ್ಲವೂ ಮುಗಿದಿರುತ್ತದೆ. ಇದನ್ನು ಓದಿದಾಗ, ಹೊಸನೀರಿಗೆ ಹತ್ತಿಬರುವ ಮೀನಿಗಾಗಿ ದೊಂದಿ ಹಿಡಿದು ಗದ್ದೆಯ ಬದುವಿಗೆ ಇಳಿಯುತ್ತಿದ್ದ ನಮ್ಮೂರಿನವರ ನೆನಪು ನನಗಾಯಿತು.

ಅಪಿಯಾದಿಂದ ಸುಮಾರು ಮೂರು ಮೈಲಿ ದೂರದಲ್ಲಿ, ವಯೇಯಾ ಬೆಟ್ಟದ ತಪ್ಪಲಲ್ಲಿ, 1890ರಲ್ಲಿ ಸ್ಟೀವನ್‌ಸನ್ ಮುನ್ನೂರು ಎಕರೆಗೂ ಮೀರಿದ ಕಾಡುನೆಲವನ್ನು ಕೊಂಡು ಮನೆ ಕಟ್ಟಿಸಿದ. ಆ ನೆಲೆಯ ಹೆಸರು ವೈಲಿಮ. ಸ್ಕಾಟ್ಲೆಂಡಿನ ನೆನಪಿಗೆಂದು, ಆ ಸೆಕೆಯ ನಾಡಿನಲ್ಲಿಯೂ ಮನೆಯೊಳಗೆ ಬೆಂಕಿಗೂಡು ಕಟ್ಟಿಸಿದ್ದನೆಂಬುದು ನಗು ಬರಿಸಿದರೂ ಮನಸ್ಸನ್ನು ತಟ್ಟುವ ಸಂಗತಿ. ಹೆಂಡತಿ ತೋಟ ಹಾಕಿದಳು. ಅವನು ಕತ್ತಿ ಹಿಡಿದು ಕಳೆ ಸವರಿದ. ನಮ್ಮ ಹೊಲದ ಬೇಲಿಗಳಲ್ಲಿಯೂ ಬೆಳೆಯುವ ಮುಟ್ಟಿದರೆ ಮುನಿ ಅವನ ಪರಮಶತ್ರುವಾಗಿತ್ತು. ಕಿತ್ತಷ್ಟೂ ಚಿಗುರುವ ಆ ಮುಳ್ಳುಗಿಡದೊಡನೆ ಹೋರಾಡುತ್ತ, ಹಾಸಿಗೆಯ ರೋಗಿ ಕುದುರೆಯೇರಿ ತಿರುಗುವ ಬೇಸಾಯಗಾರನಾದ.

ತಾಯಿ, ಹೆಂಡತಿ, ಲಾಯ್ಡ್, ಅವನ ಅಕ್ಕ ಇಸೊಬೆಲ್, ಅವಳ ಮಗ, ಜೊತೆಗೆ ಸಮೋವಾದ ಹಲವು ಮಂದಿ ಸೇರಿ ಅದು ನಮ್ಮ ಕೂಡುಕುಟುಂಬದಂತೆಯೇ ಇತ್ತು. ಸಂಜೆ ಎಲ್ಲರೂ ಒಟ್ಟಿಗೆ ಪ್ರಾರ್ಥನೆಗೆ ಕೂರುತ್ತಿದ್ದರು. ಕ್ರಿಸ್ಮಸ್ಸಿನಂದು ಹುಟ್ಟಿದ್ದರಿಂದ ತನಗೆ ಪ್ರತ್ಯೇಕ ಹುಟ್ಟುಹಬ್ಬವಿಲ್ಲವೆಂದು ಕೊರಗುತ್ತಿದ್ದ ಬಾಲಕಿಯೊಬ್ಬಳಿಗೆ, 1891ರಲ್ಲಿ ವಕೀಲನ ಭಾಷೆಯಲ್ಲಿ ದಾನಪತ್ರ ಬರೆದು ತನ್ನ ಹುಟ್ಟಿದ ದಿನವನ್ನೇ ಕೊಟ್ಟುಬಿಟ್ಟ. ಅದೇ ವರ್ಷ ಸೀಸೆಯೊಳಗಿನ ಭೂತದ ಅವನ ಕಥೆ ಸಮೋವಾದ ಭಾಷೆಯಲ್ಲಿ ಅಚ್ಚಾಯಿತು. ಆ ಭಾಷೆಯಲ್ಲಿ ಕಲ್ಪಿತ ಕಥೆಯೊಂದು ಅಚ್ಚಾದದ್ದು ಅದೇ ಮೊದಲು. ಕಥೆಯೆಂದರೆ ನಡೆದದ್ದೇ ಎಂದು ನಂಬುತ್ತಿದ್ದ ಓದುಗರು ವೈಲಿಮಕ್ಕೆ ಬಂದು ಆ ಸೀಸೆಯನ್ನು ತೋರಿಸೆಂದು ಕೇಳುತ್ತಿದ್ದರು. ಕಥೆ ಹೇಳುವವನೆಂಬ ಅರ್ಥದಲ್ಲಿ ಅವರು ಅವನಿಗಿಟ್ಟ ಹೆಸರು ತೂಸಿತಾಲ.

ಇಷ್ಟೇ ಆಗಿದ್ದರೆ, ಕಾಸುಳ್ಳ ಬಿಳಿಯನೊಬ್ಬ ಹವೆಯ ಸುಖಕ್ಕಾಗಿ ಪರನಾಡಿನಲ್ಲಿ ನೆಲ ಕೊಂಡು ವಿರಮಿಸಿದನೆಂದು ಹೇಳಿ ಮುಗಿಸಬಹುದಾಗಿತ್ತು. ಆದರೆ ಜರ್ಮನಿ, ಬ್ರಿಟನ್, ಅಮೆರಿಕಗಳು ದ್ವೀಪದ ಅರಸರನ್ನು ಆಟದ ಕಾಯಿಗಳಂತೆ ಮುಂದೂಡುತ್ತಿದ್ದುದನ್ನು ಕಂಡು ಅವನು ಸುಮ್ಮನಿರಲಿಲ್ಲ. ಪತ್ರಿಕೆಗಳಿಗೆ ಕಾಗದ ಬರೆದ. 1892ರಲ್ಲಿ ಆ ಕಲಹಗಳ ಇತಿಹಾಸವನ್ನೇ ಬರೆದು ಪ್ರಕಟಿಸಿದ. ಅಧಿಕಾರಿಗಳ ಕೋಪಕ್ಕೆ ಗುರಿಯಾದ. 1893ರ ಯುದ್ಧದಲ್ಲಿ ಸೋತ ಮತಾಫನನ್ನು ಗಡಿಪಾರು ಮಾಡಿದರು. ಅವನ ಪಕ್ಷದ ನಾಯಕರನ್ನು ಅಪಿಯಾದ ಸೆರೆಮನೆಗೆ ತಳ್ಳಿದರು. ಸ್ಟೀವನ್‌ಸನ್ ಅವರಿಗೆ ಆಹಾರ ಒದಗಿಸಿದ, ವೈದ್ಯನನ್ನು ಕಳುಹಿಸಿದ, ಬಿಡುಗಡೆಗಾಗಿ ಓಡಾಡಿದ. ಸೆರೆಯಲ್ಲಿದ್ದುಕೊಂಡೇ ಅವರು ಅವನ ಮನೆಯವರಿಗೆ ಔತಣವಿಟ್ಟರು.

1894ರಲ್ಲಿ ಬಿಡುಗಡೆಯಾದ ನಾಯಕರು ವೈಲಿಮಕ್ಕೆ ಬಂದು, ಅವನ ಮನೆಯಿಂದ ಹೆದ್ದಾರಿಯವರೆಗೆ ರಸ್ತೆ ಮಾಡಿಕೊಡುವುದಾಗಿ ಹೇಳಿದರು. ಕೂಲಿ ಒಲ್ಲೆವೆಂದರು. ಮೈಮುರಿದು ದುಡಿಯುವುದು ನಾಯಕರಾದವರ ಘನತೆಗೆ ಒಪ್ಪದ ಆ ಸಮಾಜದಲ್ಲಿ ಅದು ಸಾಮಾನ್ಯ ಸಂಗತಿಯಲ್ಲ. ಅಕ್ಟೋಬರಿನಲ್ಲಿ ರಸ್ತೆ ಮುಗಿಯಿತು. ಪ್ರೀತಿಯ ಹೃದಯದ ಹಾದಿಯೆಂದು ಅದಕ್ಕೆ ಹೆಸರಿಟ್ಟರು. ಅಂದಿನ ಔತಣದಲ್ಲಿ ಸ್ಟೀವನ್‌ಸನ್ ಬರಿಯ ಕೃತಜ್ಞತೆ ಹೇಳಿ ಕೂರಲಿಲ್ಲ. ನೀವೇ ರಸ್ತೆ ಮಾಡಿ, ಮರ ಬೆಳೆಸಿ, ನೆಲವನ್ನು ಉತ್ತು ಉಳಿಸಿಕೊಳ್ಳದಿದ್ದರೆ ಇತರರು ಅದನ್ನು ಕಸಿದುಕೊಳ್ಳುವರೆಂದು ಎಚ್ಚರಿಸಿದ. ತಾನೂ ನೆಲ ಕೊಂಡ ಪರಕೀಯನೇ ಎಂಬುದನ್ನು ಆ ಮಾತಿನೊಡನೆ ಸೇರಿಸಿ ನೋಡಿದರೆ, ಅದರ ಪ್ರಾಮಾಣಿಕತೆ ತಿಳಿಯುತ್ತದೆ.

ಎರಡು ತಿಂಗಳೂ ಕಳೆಯಲಿಲ್ಲ. 1894ರ ಡಿಸೆಂಬರ್ 3ರ ಬೆಳಗ್ಗೆ ತನ್ನ ಕೊನೆಯ ಕಾದಂಬರಿಯನ್ನು ಇಸೊಬೆಲ್‌ಗೆ ಹೇಳಿ ಬರೆಸಿದ. ಸಂಜೆ ಅಡುಗೆಗೆ ಹೆಂಡತಿಗೆ ನೆರವಾಗುತ್ತಿದ್ದವನು ತಲೆ ಹಿಡಿದುಕೊಂಡು ಕುಸಿದ. ಜೀವಮಾನವೆಲ್ಲ ಕಾಡಿದ ಎದೆಯ ರೋಗವಲ್ಲ, ಮೆದುಳಿನ ರಕ್ತಸ್ರಾವ ಅವನನ್ನು ಕೊಂಡೊಯ್ದಿತು. 44 ತುಂಬಿ ಮೂರು ವಾರವೂ ಆಗಿರಲಿಲ್ಲ. ಸಮೋವಾದ ಜನ ನವಿರಾದ ಚಾಪೆಗಳನ್ನು ಹೊದಿಸಿ ಇರುಳೆಲ್ಲ ಕಾದರು. ಬೆಳಗಾಗುತ್ತಲೇ ಕತ್ತಿ ಕೊಡಲಿ ಹಿಡಿದು ವಯೇಯಾ ಬೆಟ್ಟದ ದಟ್ಟ ಕಾಡಿನಲ್ಲಿ ದಾರಿ ಕಡಿದರು. ಹೆಗಲ ಮೇಲೆ ಹೊತ್ತು ನೆತ್ತಿಗೇರಿಸಿ, ಅವನು ಬಯಸಿದ್ದ ಎಡೆಯಲ್ಲಿಯೇ ಮಣ್ಣು ಮಾಡಿದರು. 1914ರಲ್ಲಿ ಗತಿಸಿದ ಫ್ಯಾನಿಯ ಚಿತಾಭಸ್ಮವನ್ನೂ ಮರುವರ್ಷ ಅಲ್ಲಿಗೇ ತಂದಿರಿಸಿದರು.

ಆ ದ್ವೀಪಗಳು 1900ರಲ್ಲಿ ಜರ್ಮನರಿಗೆ, 1914ರಲ್ಲಿ ನ್ಯೂಜಿಲೆಂಡಿಗೆ ಕೈಮಾರಿ, 1962ರ ಜನವರಿ 1ರಂದು ಸ್ವತಂತ್ರವಾದುವು. 1990, 1991ರ ಚಂಡಮಾರುತಗಳಲ್ಲಿ ಜಖಂಗೊಂಡ ವೈಲಿಮದ ಮನೆಯನ್ನು ಸರಿಪಡಿಸಿ, ಅವನು ತೀರಿಕೊಂಡ ನೂರನೆಯ ವರ್ಷವಾದ 1994ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು.

ಅವನು ತೀರಿಕೊಂಡ ವಯಸ್ಸನ್ನು ನಾನು ಈಗ ದಾಟಿದ್ದೇನೆ. ತಂದೆ ತಾತಂದಿರ ಕಟ್ಟಡವಿದ್ಯೆಯನ್ನು ಬಿಟ್ಟುಬಂದವನೆಂಬ ಅಳುಕು ಅವನನ್ನು ಕೊನೆಯವರೆಗೂ ಬಿಡಲಿಲ್ಲವೆಂದು ನನಗೆ ತೋರುತ್ತದೆ. ಅವನಿಗಾಗಿ ಜನ ತಾವಾಗಿ ಎರಡು ದಾರಿಗಳನ್ನು ಮಾಡಿದರು, ಒಂದು ಮನೆಗೆ, ಒಂದು ಗೋರಿಗೆ. ಕಥೆ ಬರೆದು ಏನು ಪ್ರಯೋಜನವೆಂದು ತರಗತಿಯಲ್ಲಿ ಹುಡುಗರು ಕೇಳಿದಾಗ ನಾನು ಈ ಎರಡು ದಾರಿಗಳ ವಿಷಯವನ್ನು ಹೇಳುತ್ತೇನೆ.