ಕುದುರೆ ಏರಿ ಊರು ನೋಡಿದ ದಿವಾನ: ಸರ್ ಮಿರ್ಜಾ ಇಸ್ಮಾಯಿಲ್

ಘಟ್ಟ ಹತ್ತಿ ಮೈಸೂರಿಗೆ ಪ್ರವಾಸ ಹೋಗುವ ನಮ್ಮ ಕುಟುಂಬಗಳದ್ದು ಒಂದೇ ಕ್ರಮ. ಬೆಳಗ್ಗೆ ಝೂ, ಮಧ್ಯಾಹ್ನ ಅರಮನೆ, ಸಂಜೆ ಕೆ.ಆರ್.ಎಸ್.ನ ಬೃಂದಾವನ. ಬಣ್ಣದ ಕಾರಂಜಿ ನೋಡಿ ಮಕ್ಕಳು ಕುಣಿದರೆ ಮುಗಿಯಿತು, ಮತ್ತೆ ಬಸ್ಸು. ಈ ತೋಟ ಮಾಡಿಸಿದವರು ಯಾರು ಅಂತ ಮಕ್ಕಳು ಕೇಳಿದರೆ ಹೆಚ್ಚಿನವರ ಬಾಯಿಗೆ ಬರುವುದು ವಿಶ್ವೇಶ್ವರಯ್ಯನವರ ಹೆಸರು. ಅಣೆಕಟ್ಟಿನ ಮಟ್ಟಿಗೆ ಅದು ಸರಿ. ತೋಟ ಮಾತ್ರ ಸರ್ ಮಿರ್ಜಾ ಇಸ್ಮಾಯಿಲರದ್ದು. 1926ರಿಂದ 1941ರವರೆಗೆ, ಹದಿನೈದು ವರ್ಷ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು. ತೋಟದಿಂದ ಅವರ ಹೆಸರು ಉಳಿದದ್ದು ಹೌದು. ಆದರೆ ನಾವು ಈ ವಾರ ಹೇಳಹೊರಟದ್ದು ಕಾರಂಜಿಯ ನೀರಿನ ಕಥೆಯಲ್ಲ, ಕೊಡಪಾನಕ್ಕೆ ಬಿದ್ದ ನೀರಿನ ಕಥೆ. ಜೊತೆಗೆ ಆ ನೀರು ತಲುಪಬೇಕಾದ ಮನೆಯ ಕಥೆ.

ಮಿರ್ಜಾ ಇಸ್ಮಾಯಿಲ್ ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅವರ ಅಜ್ಜ ಅಲಿ ಅಸ್ಕರ್ ಇರಾನಿನ ಶಿರಾಝ್ ಕಡೆಯಿಂದ ಬಂದ ಕುದುರೆ ವ್ಯಾಪಾರಿ. ಇಂಗ್ಲಿಷರ ದಂಡಿಗೂ ಮೈಸೂರು ಅರಮನೆಗೂ ಕುದುರೆ ಒದಗಿಸಿದವರು. ಕುದುರೆಯಲ್ಲಿ ಗಳಿಸಿದ್ದನ್ನು ಬೆಂಗಳೂರಿನ ದಂಡು ಪ್ರದೇಶದಲ್ಲಿ ಬಂಗಲೆ ಕಟ್ಟಿಸಲು ಹಾಕಿದರು. ಅಲ್ಲಿಯ ಅಲಿ ಅಸ್ಕರ್ ರಸ್ತೆ ಇವತ್ತಿಗೂ ಅವರ ಹೆಸರಲ್ಲಿ ಉಂಟು. ತಂದೆ ಆಗಾ ಜಾನ್ ಅರಮನೆಯ ಸೇವೆಯಲ್ಲಿದ್ದವರು. ಕುದುರೆಯೂ ಕಟ್ಟಡವೂ ಮನೆಯಲ್ಲೇ ಇದ್ದ ವಿದ್ಯೆ ಅನ್ನಬಹುದು, ಎರಡೂ ಮೊಮ್ಮಗನಿಗೆ ಬಂದವು.

ಆಗಿನ್ನೂ ಬಾಲಕರಾಗಿದ್ದ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಇವರ ಸಹಪಾಠಿ. ಸ್ಟುವರ್ಟ್ ಫ್ರೇಸರ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈಕೆಳಗೆ ಇಬ್ಬರೂ ಒಟ್ಟಿಗೆ ಓದಿದರು. ಆಮೇಲೆ ಮಿರ್ಜಾ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಪೊಲೀಸ್ ಇಲಾಖೆಯಲ್ಲಿ ಸಣ್ಣ ಅಧಿಕಾರಿಯಾಗಿ ನೌಕರಿಗೆ ಸೇರಿದರು. ಅಲ್ಲಿಂದ ಅರಮನೆಗೆ ಬಂದು, ಮಹಾರಾಜರ ಹುಜೂರ್ ಕಾರ್ಯದರ್ಶಿ, ಖಾಸಗಿ ಕಾರ್ಯದರ್ಶಿ ಆಗಿ, 1926ರ ಮೇ ತಿಂಗಳಲ್ಲಿ ದಿವಾನರಾದರು. ಆಗ ಅವರಿಗೆ 42 ವರ್ಷ. ಗೆಳೆಯನ ಕೃಪೆ ಅಂತ ಗೊಣಗಿದವರು ಆಗಲೂ ಇದ್ದರು. ಇಪ್ಪತ್ತು ವರ್ಷ ಕಡತ ತಿರುವಿ, ಕೆಳಗಿನಿಂದ ಮೇಲೆ ಬಂದವರನ್ನು ಬರೀ ಗೆಳೆತನದ ತಕ್ಕಡಿಯಲ್ಲಿ ತೂಗುವುದು ನಮಗೆ ನ್ಯಾಯ ಅನಿಸುವುದಿಲ್ಲ.

ಮೈಸೂರಿನ ನೀರಿನ ಕಷ್ಟ ನಾವು ಕರಾವಳಿಯವರಿಗೆ ಬೇಗ ತಲೆಗೆ ಹೋಗುವುದಿಲ್ಲ. ನಮ್ಮಲ್ಲಿ ಮನೆ ಅಂದರೆ ಅಂಗಳದಲ್ಲೊಂದು ಬಾವಿ. ಉಮ್ಮ ಬೆಳಗ್ಗೆ ಎದ್ದು ರಾಟೆಗೆ ಹಗ್ಗ ಹಾಕಿದರೆ ನೀರು ಬಂತು. ಮೈಸೂರು ಹಾಗಲ್ಲ. ಊರು ಎತ್ತರದಲ್ಲಿ, ಕಾವೇರಿ ತಗ್ಗಿನಲ್ಲಿ. ಹತ್ತಿರದಲ್ಲೇ ಅಷ್ಟು ದೊಡ್ಡ ನದಿ ಹರಿಯುತ್ತಿದ್ದರೂ ಊರಿನವರು ಕೆರೆಗಳನ್ನೇ ನಂಬಿ ಬದುಕಬೇಕಿತ್ತು. ಟಿಪ್ಪು ಸುಲ್ತಾನರ ನಂತರ ದಿವಾನರಾದ ಪೂರ್ಣಯ್ಯ ಕಾವೇರಿಯನ್ನು ಕಾಲುವೆಯಲ್ಲಿ ತರಲು ಹೊರಟರು. ಕೆಲಸ ಕೈಗೂಡಲಿಲ್ಲ. ತೋಡಿದ ಕಾಲುವೆ ಪೂರ್ಣಯ್ಯ ನಾಲೆ ಅನ್ನುವ ಹೆಸರಲ್ಲಿ ಉಳಿದು, ಊರ ಕೊಳಚೆ ಹರಿಯುವ ಚರಂಡಿಯಾಯಿತು. ಮುಂದೆ ಅದನ್ನು ಮುಚ್ಚಿದರು. ಕೊನೆಗೆ ಮಹಾರಾಣಿ ವಾಣಿ ವಿಲಾಸರ ಆಡಳಿತದ ಹೊತ್ತಿಗೆ, 1896ರ ಸುಮಾರಿಗೆ, ಬೆಳಗೊಳದಿಂದ ನದಿಯ ನೀರನ್ನು ಯಂತ್ರದಿಂದ ಎತ್ತಿ ಊರಿಗೆ ಹಾಯಿಸಿದರು. ಯಾದವಗಿರಿಯ ವಾಣಿ ವಿಲಾಸ ವಾಟರ್ ವರ್ಕ್ಸ್ ಅಂದರೆ ಮೈಸೂರಿನವರು ಈಗಲೂ ಗುರುತು ಹಿಡಿಯುತ್ತಾರೆ.

ನೀರು ಬಂತು, ಅದರ ಬೆನ್ನಿಗೇ ಪ್ಲೇಗ್ ಬಂತು. ಇಕ್ಕಟ್ಟಾದ ಮನೆ, ಗಾಳಿ ಬೆಳಕಿಲ್ಲದ ಓಣಿ, ಇಲಿ. ಹೊಸ ಬಡಾವಣೆ ಕಟ್ಟದೆ ಜೀವ ಉಳಿಯುವುದಿಲ್ಲ ಅಂತ ಸರ್ಕಾರಕ್ಕೆ ಗೊತ್ತಾದದ್ದು ಆಗಲೇ. 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಬೆಂಗಳೂರಿಗೆ ಅಂಥದ್ದೊಂದು ಬೋರ್ಡ್ ಸಿಕ್ಕಿದ್ದು 1945ರಲ್ಲಿ, ಅಂದರೆ 42 ವರ್ಷ ತಡವಾಗಿ. ಕೋಟೆಯೊಳಗೆ ಕಿಕ್ಕಿರಿದಿದ್ದವರು ಹೊರಗೆ ಬಂದರು. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಬೆಳೆದವು. ನೇರ ರಸ್ತೆ, ಅಳತೆಯ ನಿವೇಶನ, ಮನೆಗಳ ಹಿಂದೆ ಕಕ್ಕಸು ಬಳಿಯಲು ಬರುವವರಿಗೆಂದೇ ಬಿಟ್ಟ ಸಣ್ಣ ಗಲ್ಲಿ, ಜನರ ಬಾಯಲ್ಲಿ ಕನ್ಸರ್ವೆನ್ಸಿ. ಈ ಗಲ್ಲಿಗಳನ್ನು ನಗರ ಯೋಜನೆಯ ಜಾಣತನ ಅಂತ ಹೊಗಳುವವರುಂಟು. ಅದರಲ್ಲಿ ತಲೆ ಮೇಲೆ ಮಲದ ಬುಟ್ಟಿ ಹೊತ್ತು ನಡೆದವರು ಯಾರು, ಅವರ ಮನೆಗೆ ನಲ್ಲಿ ಯಾವಾಗ ಬಂತು ಅನ್ನುವುದನ್ನೂ ಅದೇ ಉಸಿರಿನಲ್ಲಿ ಕೇಳಬೇಕು.

ಮಿರ್ಜಾ ದಿವಾನರಾಗುವ ಹೊತ್ತಿಗೆ ಇದೆಲ್ಲ ಆಗಿತ್ತು. ಹಾಗಾದರೆ ಅವರು ಮಾಡಿದ್ದೇನು? ಅವರು ನೋಡಿದರು. ಇದು ಸಣ್ಣ ಸಂಗತಿ ಅಂತ ಅನಿಸಬಹುದು, ಅಲ್ಲ ಮಾರಾಯ್ರೆ. ಬೆಳಗಾದರೆ ಕುದುರೆ ಏರಿ ಊರು ಸುತ್ತುವುದು ಅವರ ಅಭ್ಯಾಸ. ದಿವಾನರು ಯಾವ ಬೀದಿಗೆ ಯಾವಾಗ ಬಂದಾರು ಅನ್ನುವ ಅಳುಕಿಗೆ ಅಧಿಕಾರಿಗಳು ತಾವೂ ಬೇಗ ಏಳಬೇಕಾಯಿತು. ರಸ್ತೆ, ಚರಂಡಿ, ಮರ, ದೀಪದ ಕಂಬ, ಸರ್ಕಲ್, ಉದ್ಯಾನ, ಯಾವುದೂ ಅವರಿಗೆ ಚಿಲ್ಲರೆಯಾಗಿರಲಿಲ್ಲ. ಬಡವನಿಗೆ ಹೊಟ್ಟೆಗಿಲ್ಲ, ಇವರಿಗೆ ಹೂವಿನ ಚಿಂತೆ ಅಂತ ಆಡಿಕೊಂಡವರಿದ್ದರು. ಮಿರ್ಜಾರ ಲೆಕ್ಕ ಬೇರೆ ಇತ್ತು. ಊರಿನ ಅಂದ ಸಾಹುಕಾರನ ಕಾಂಪೌಂಡಿನೊಳಗೆ ಇದ್ದರೆ ಅದು ಅವನದ್ದು, ಬೀದಿಯಲ್ಲಿ ಇದ್ದರೆ ಎಲ್ಲರದ್ದು ಅನ್ನುವ ಹಾಗೆ ಅವರು ಕೆಲಸ ಮಾಡಿದರು. ಬೃಂದಾವನವೂ ಹಾಗೆ ಹುಟ್ಟಿದ್ದು. ಅಣೆಕಟ್ಟಿನ ಕೆಳಗಿನ ಜಾಗದಲ್ಲಿ ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ, ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರ ನೆರವಿನಿಂದ, 1927ರಲ್ಲಿ ಶುರುವಾಗಿ 1932ಕ್ಕೆ ಮುಗಿಯಿತು.

ಇದಕ್ಕೆಲ್ಲ ದುಡ್ಡು ಬೇಕಲ್ವಾ. ಮೈಸೂರು ಸಂಸ್ಥಾನ ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಕಪ್ಪ ಕಟ್ಟುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೇರಿದ ಹೊರೆಯದು, ನೂರು ವರ್ಷದಲ್ಲಿ ಏರಿತೇ ಹೊರತು ಇಳಿಯಲಿಲ್ಲ. 1927ರಲ್ಲಿ ವೈಸರಾಯ್ ಇರ್ವಿನ್ ಮೈಸೂರಿಗೆ ಬಂದಾಗ ಅದರಲ್ಲಿ ಹತ್ತೂವರೆ ಲಕ್ಷ ಬಿಟ್ಟರು. ಉಳಿದದ್ದಕ್ಕೂ ಮಿರ್ಜಾ ಮುಂದೆ ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಹೋದಾಗೆಲ್ಲ ವಾದ ಮಾಡಿದರು. ಕೆ.ಆರ್.ಎಸ್.ನಿಂದ ಮಂಡ್ಯ ಕಡೆಗೆ ಹೋದ ಕಾಲುವೆಗೆ ಇರ್ವಿನ್ ಹೆಸರಿಟ್ಟರು. ಈಗ ಅದು ವಿಶ್ವೇಶ್ವರಯ್ಯ ನಾಲೆ. ಬರಗಾಲದ ಸೀಮೆಯಾಗಿದ್ದ ಮಂಡ್ಯಕ್ಕೆ ಆ ನೀರು ಹೋಯಿತು, ಕಬ್ಬು ಬಂತು, ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಅದೇ ಒಂದು ಜಿಲ್ಲೆಯಾಯಿತು.

ಕುಡಿಯುವ ನೀರಿನ ವಿಚಾರದಲ್ಲಿ ಅವರ ದೊಡ್ಡ ಕೆಲಸ ಬೆಂಗಳೂರಿನದ್ದು. 1896ರಿಂದ ಆ ಊರು ನಂಬಿದ್ದು ಹೆಸರಘಟ್ಟ ಕೆರೆಯನ್ನು. 1920ರ ದಶಕದ ನಡುವೆ ಮಳೆ ಕೈಕೊಟ್ಟಾಗ ಕೆರೆ ಬತ್ತಿ, ಊರು ಬಾಯಾರಿತು. ಹೊಸ ಮೂಲ ಹುಡುಕುವ ಸಮಿತಿಗೆ ಹಿಂದಿನ ದಿವಾನ ವಿಶ್ವೇಶ್ವರಯ್ಯನವರೇ ಅಧ್ಯಕ್ಷರು. ಕುರ್ಚಿಯಲ್ಲಿ ಕೂತವನು, ಮೊದಲು ಕೂತು ಎದ್ದು ಹೋದವನ ಬುದ್ಧಿ ಕೇಳುವುದು ನಮ್ಮ ಕಾಲದಲ್ಲಿ ಎಷ್ಟು ನಡೆಯುತ್ತದೋ ಓದುಗರೇ ಹೇಳಬೇಕು. ಅರ್ಕಾವತಿಗೆ ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಅಣೆ ಕಟ್ಟಿದರು. 1933ಕ್ಕೆ ಮುಗಿಯಿತು, ಚಾಮರಾಜಸಾಗರ ಅಂತ ಹೆಸರು. ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ನಡುವಿನ ನಲವತ್ತು ವರ್ಷ ಆ ನಗರದ ಬಾಯಾರಿಕೆಯ ದೊಡ್ಡ ಪಾಲನ್ನು ಹೊತ್ತದ್ದು ಈ ಅಣೆಕಟ್ಟು. ನೆನಪಿಡಿ, ಅದು ಇಡೀ ಜಗತ್ತೇ ಆರ್ಥಿಕ ಕುಸಿತದಲ್ಲಿದ್ದ ಹೊತ್ತು. ಖಜಾನೆಗೆ ಬರುವ ದುಡ್ಡೂ ಕಡಿಮೆ, ಬೆಳೆಗೆ ಬೆಲೆಯೂ ಇಲ್ಲ.

ಇಷ್ಟು ಓದಿದರೆ ಎಲ್ಲ ಸುಗಮವಾಗಿ ನಡೆದ ಹಾಗೆ ಕಾಣುತ್ತದೆ. ನಡೆಯಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರಲ್ಲಿ ಗಣಪತಿ ಮೂರ್ತಿಯ ವಿಚಾರಕ್ಕೆ ಎದ್ದ ಜಗಳ ಗಲಭೆಯಾಯಿತು. ದಿವಾನರು ಮುಸ್ಲಿಂ ಆದ ಕಾರಣ ಒಂದು ಕಡೆ ವಾಲಿದರು ಅನ್ನುವ ಆರೋಪ ಪತ್ರಿಕೆಗಳಲ್ಲೂ ಸಭೆಗಳಲ್ಲೂ ಹರಡಿತು. ಅಲ್ಲಿಯವರೆಗೆ ಅವರು ಮೈಸೂರಿನ ದಿವಾನ, ಒಂದೇ ವಾರದಲ್ಲಿ ಮುಸಲ್ಮಾನ ದಿವಾನ. ಸರ್ಕಾರ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲೇ ವಿಚಾರಣಾ ಸಮಿತಿ ನೇಮಿಸಿತು. ಮಹಾರಾಜರು ತಮ್ಮ ದಿವಾನರನ್ನು ಕೈಬಿಡಲಿಲ್ಲ. ದಿವಾನರೂ ಕೆಲಸ ಬಿಟ್ಟು ಮನೆಯಲ್ಲಿ ಕೂರಲಿಲ್ಲ. ತಿಪ್ಪಗೊಂಡನಹಳ್ಳಿ ಆದದ್ದು ಈ ಗಲಾಟೆಯ ನಂತರ ಅನ್ನುವುದನ್ನು ಗಮನಿಸಬೇಕು. ಆ ನಲ್ಲಿಯಲ್ಲಿ ಬಂದ ನೀರು ಅವರನ್ನು ಬೈದವರ ಮನೆಗೂ ಹೋಯಿತು.

ಅವರ ಆಡಳಿತದ ಕಪ್ಪು ಪುಟವನ್ನು ಮುಚ್ಚಿಡುವುದೂ ಸರಿಯಲ್ಲ. ಜವಾಬ್ದಾರಿ ಸರ್ಕಾರ ಬೇಕು ಅಂತ ಕಾಂಗ್ರೆಸ್ ಕೇಳಿದಾಗ ಮಿರ್ಜಾ ಬಗ್ಗಲಿಲ್ಲ. ಆಡಳಿತ ಚೆನ್ನಾಗಿದ್ದರೆ ಸಾಕು, ಅಧಿಕಾರ ಜನರ ಕೈಗೆ ಬರಲು ನಿಧಾನವಾದರೂ ಅಡ್ಡಿಯಿಲ್ಲ ಅನ್ನುವ ಧೋರಣೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹವಾಯಿತು, ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಹಲವರು ಸತ್ತರು. ಸರ್ದಾರ್ ಪಟೇಲರು ಬಂದು ಮಾತುಕತೆ ನಡೆಸಿದ ಮೇಲೆ ಒಪ್ಪಂದವಾಗಿ, ಧ್ವಜ ಹಾರಿಸಲು ಅವಕಾಶ ಸಿಕ್ಕಿತು. ಚರಂಡಿಯ ವಾಸನೆ ದೂರದಿಂದಲೇ ಗೊತ್ತಾಗುತ್ತಿದ್ದ ಆ ಮೂಗಿಗೆ, ಜನರ ಸಿಟ್ಟಿನ ವಾಸನೆ ತಡವಾಗಿ ತಾಗಿತು ಅಂತ ನಮಗೆ ಅನಿಸುತ್ತದೆ. ಇನ್ನೊಂದು ಮಾತು. ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯಲ್ಲಿ ಹಳ್ಳಿಯಿಂದ ಬಂದವರು ಕುಡಿಯುವ ನೀರಿನ ಬಾವಿ ಕೇಳುವುದು ನಿಲ್ಲಲೇ ಇಲ್ಲ. ರಾಜಧಾನಿಗಳ ಹೊಳಪು ಹಳ್ಳಿಯ ಬಾವಿಕಟ್ಟೆಯವರೆಗೆ ಅಷ್ಟೇ ವೇಗದಲ್ಲಿ ಮುಟ್ಟಲಿಲ್ಲ.

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಹೊಸ ಮಹಾರಾಜರು ಬಂದ ಮೇಲೆ ಮಿರ್ಜಾಗೆ ಮೊದಲಿನ ಹಾಗೆ ಹೊಂದಿಕೆಯಾಗಲಿಲ್ಲ, 1941ರಲ್ಲಿ ರಾಜೀನಾಮೆ ಕೊಟ್ಟರು. ಮರುವರ್ಷ ಜೈಪುರಕ್ಕೆ ಪ್ರಧಾನ ಮಂತ್ರಿಯಾಗಿ ಹೋದರು. ಅಲ್ಲೂ ಅದೇ ಹುಚ್ಚು. ಹಳೆ ಕೋಟೆಗೋಡೆಯೊಳಗೆ ತುಂಬಿ ತುಳುಕುತ್ತಿದ್ದ ಊರನ್ನು ಹೊರಗೆ ಬೆಳೆಸಿದರು, ಅಗಲ ರಸ್ತೆ, ಹೊಸ ಬಡಾವಣೆ. ಜೈಪುರದ ಮುಖ್ಯ ರಸ್ತೆ ಈಗಲೂ ಎಂ.ಐ. ರೋಡ್, ಅಂದರೆ ಮಿರ್ಜಾ ಇಸ್ಮಾಯಿಲ್ ರಸ್ತೆ. ಅಲ್ಲಿ ಬಟ್ಟೆ, ಹರಳು ಕೊಳ್ಳಲು ಹೋಗುವ ನಮ್ಮ ಕಡೆಯ ವ್ಯಾಪಾರಿಗಳಲ್ಲಿ ಎಷ್ಟು ಮಂದಿಗೆ ಆ ಎರಡು ಅಕ್ಷರದ ಹಿಂದೆ ನಮ್ಮ ರಾಜ್ಯದವರೊಬ್ಬರು ಇದ್ದಾರೆ ಅಂತ ಗೊತ್ತೋ.

ಆಮೇಲೆ 1946ರಲ್ಲಿ ಹೈದರಾಬಾದ್. ದೇಶ ವಿಭಜನೆ ಅವರಿಗೆ ಒಪ್ಪಿಗೆ ಇರಲಿಲ್ಲ, ನಿಜಾಮರು ಭಾರತದ ಜೊತೆ ಒಪ್ಪಂದಕ್ಕೆ ಬರಲಿ ಅನ್ನುವುದು ಅವರ ನಿಲುವು. ಇತ್ತೆಹಾದ್ ಪಕ್ಷದವರು ಕೆಂಡವಾದರು. ಬೆಂಗಳೂರಿನಲ್ಲಿ ಮುಸ್ಲಿಂ ಅಂತ ಬೈಸಿಕೊಂಡವರು, ಹೈದರಾಬಾದಿನಲ್ಲಿ ಮುಸ್ಲಿಮರ ಪರ ಇಲ್ಲ ಅಂತ ಬೈಸಿಕೊಂಡರು. 1947ರ ಮೇ ತಿಂಗಳಲ್ಲಿ ಅಲ್ಲಿಂದಲೂ ರಾಜೀನಾಮೆ. ವಿಶ್ವಸಂಸ್ಥೆಯ ಕೆಲಸಕ್ಕೆ ಇಂಡೋನೇಷ್ಯಾಕ್ಕೂ ಹೋಗಿ ಬಂದರು. 1954ರಲ್ಲಿ ತಮ್ಮ ಸಾರ್ವಜನಿಕ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು.

1959ರ ಜನವರಿ 5ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಮೈಸೂರಿನ ನಜರ್‌ಬಾದಿನಲ್ಲಿ ಅವರ ಹೆಸರಿನ ಮಿರ್ಜಾ ರಸ್ತೆ ಉಂಟು. ಮುಂದಿನ ಸಲ ಝೂ ನೋಡಲು ಹೋದವರು ಮಕ್ಕಳಿಗೆ ಅದನ್ನೂ ತೋರಿಸಬಹುದು, ದೂರವೇನಿಲ್ಲ.