ರೋಮಿನ ರಾಜರ್ಷಿ

ಮಿಥಿಲೆಯ ಜನಕಮಹಾರಾಜನ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಸಿಂಹಾಸನದ ಮೇಲೆ ಕುಳಿತಿದ್ದೂ ಅದಕ್ಕೆ ಅಂಟಿಕೊಳ್ಳದೆ ಬಾಳಿದವನೆಂದು ನಮ್ಮ ಪುರಾಣಗಳು ಅವನನ್ನು ರಾಜರ್ಷಿಯೆಂದು ಕೊಂಡಾಡುತ್ತವೆ. ಆದರೆ ಜನಕನದು ಪುರಾಣದ ಮಾತು. ಅವನ ದಿನಚರಿಯನ್ನು ಬಲ್ಲವರಾರು? ಆ ಹೆಸರಿಗೆ ತಕ್ಕ ಒಬ್ಬ ಅರಸನನ್ನು ಇತಿಹಾಸವೂ ಕಂಡಿದೆ. ಅವನೇ ಕ್ರಿ.ಶ. 121ರಲ್ಲಿ ರೋಮ್ ನಗರದಲ್ಲಿ ಜನಿಸಿದ ಮಾರ್ಕಸ್ ಅರೇಲಿಯಸ್.

ಮಾರ್ಕಸನು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು ತಾತನ ಆಶ್ರಯದಲ್ಲಿ ಬೆಳೆದನು. ಆಟಪಾಟಗಳಿಗಿಂತ ಅವನಿಗೆ ತತ್ತ್ವಶಾಸ್ತ್ರದಲ್ಲಿ ಒಲವು. ಹನ್ನೆರಡನೆಯ ವಯಸ್ಸಿಗೇ ತತ್ತ್ವಜ್ಞಾನಿಗಳಂತೆ ಒರಟು ಬಟ್ಟೆಯನ್ನುಟ್ಟು ಬರಿಯ ನೆಲದ ಮೇಲೆ ಮಲಗತೊಡಗಿದನಂತೆ. ತಾಯಿ ಬಹಳವಾಗಿ ಬೇಡಿಕೊಂಡ ಮೇಲೆ ಸಣ್ಣದೊಂದು ಮಂಚಕ್ಕೆ ಒಪ್ಪಿದನೆಂದು ಹೇಳುತ್ತಾರೆ. ಇಷ್ಟಾದರೂ ಅವನದು ಕಲ್ಲೆದೆಯಾಗಿರಲಿಲ್ಲ. ತನ್ನನ್ನು ಸಾಕಿ ಸಲಹಿದ ಗುರುವೊಬ್ಬನು ತೀರಿಕೊಂಡಾಗ ಅವನು ಬಿಕ್ಕಿ ಬಿಕ್ಕಿ ಅತ್ತನು. ಹಾಗೆ ಅಳುವುದು ರಾಜಕುಮಾರನಿಗೆ ತಕ್ಕುದಲ್ಲವೆಂದು ಆಸ್ಥಾನಿಕರು ತಡೆಯಹೋದರು. ಆಗ ಸಾಕುತಂದೆಯಾದ ಆಂಟೋನಿನಸನು ಅವರನ್ನೇ ತಡೆದು, ಹುಡುಗನು ಮನುಷ್ಯನಾಗಿರಲಿ ಬಿಡಿ ಎಂಬರ್ಥದ ಮಾತನ್ನಾಡಿದನು.

ಈ ಆಂಟೋನಿನಸನು 138ರಲ್ಲಿ ರೋಮಿನ ಚಕ್ರವರ್ತಿಯಾದನು. ಮಾರ್ಕಸನನ್ನು ಅವನು ದತ್ತು ಸ್ವೀಕರಿಸಿದ್ದೂ ಅದೇ ವರ್ಷದಲ್ಲಿ. ಹದಿನೇಳು ವರ್ಷದ ಮಾರ್ಕಸನು ತಾಯಿಯ ಮನೆಯನ್ನು ಬಿಟ್ಟು ಅರಮನೆಗೆ ಹೋಗಬೇಕಾಯಿತು. ಸಂತೋಷದಿಂದಲ್ಲ, ಮನಸ್ಸಿಲ್ಲದ ಮನಸ್ಸಿನಿಂದ ಹೋದನು. ಅಲ್ಲಿ ಇಪ್ಪತ್ತಮೂರು ವರ್ಷಗಳ ಕಾಲ ಸಾಕುತಂದೆಯ ಬಳಿಯಲ್ಲಿದ್ದು ರಾಜ್ಯಭಾರವನ್ನು ಕಲಿತನು. ರುಸ್ಟಿಕಸ್ ಎಂಬ ಗುರುವು ಅವನ ಕೈಗೆ ಎಪಿಕ್ಟೀಟಸನ ಬೋಧನೆಗಳನ್ನಿತ್ತುದು ಈ ಕಾಲದಲ್ಲಿ ನಡೆದ ಮುಖ್ಯ ಸಂಗತಿ. ಎಪಿಕ್ಟೀಟಸನು ಒಂದು ಕಾಲಕ್ಕೆ ಗುಲಾಮನಾಗಿದ್ದವನು. ನಮ್ಮ ಅಧೀನದಲ್ಲಿರುವುದು ನಮ್ಮ ಮನಸ್ಸೊಂದೇ, ಹೊರಗೆ ನಡೆಯುವುದೆಲ್ಲವೂ ನಮ್ಮ ಅಧೀನದಲ್ಲಿಲ್ಲ ಎಂಬುದು ಅವನ ಸ್ಟೋಯಿಕ್ ಪಂಥದ ತಿರುಳು. ಗುಲಾಮನಾಗಿದ್ದವನೊಬ್ಬನ ಪಾಠವನ್ನು ಚಕ್ರವರ್ತಿಯಾಗಲಿರುವವನು ಶಿರಸಾವಹಿಸಿದನು.

161ರಲ್ಲಿ ಆಂಟೋನಿನಸನು ಕಾಲವಾದನು. ಮೂವತ್ತೊಂಬತ್ತು ವರ್ಷದ ಮಾರ್ಕಸನು ತನ್ನ ದತ್ತು ಸಹೋದರನಾದ ಲೂಸಿಯಸ್ ವೆರಸನನ್ನು ಜೊತೆಯಲ್ಲಿ ಸೇರಿಸಿಕೊಂಡು ಪಟ್ಟವನ್ನೇರಿದನು. ಅಂದಿನಿಂದ ಅವನಿಗೆ ಬಿಡುವೆಂಬುದಿಲ್ಲವಾಯಿತು. ಟೈಬರ್ ನದಿಯು ಉಕ್ಕಿ ಹರಿದು ರೋಮ್ ನಗರವನ್ನು ಮುಳುಗಿಸಿತು. ಹಿಂದೆಯೇ ಕ್ಷಾಮವು ಬಂದಿತು. ಪೂರ್ವದಲ್ಲಿ ಪಾರ್ಥಿಯರು ಗಡಿಯನ್ನು ದಾಟಿದರು. ಅವರನ್ನು ಸೋಲಿಸಿ ಹಿಂದಿರುಗಿದ ಸೈನಿಕರು ತಮ್ಮೊಡನೆ ಘೋರವಾದ ಸಾಂಕ್ರಾಮಿಕ ರೋಗವೊಂದನ್ನು ಹೊತ್ತು ತಂದರು. ಅದು ಸಿಡುಬಾಗಿದ್ದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ಇಂತಹ ದಿನಗಳಲ್ಲಿ ಅವನು ಕೆಲಸ ಮಾಡುತ್ತಿದ್ದ ಬಗೆಯನ್ನು ನ್ಯಾಯಸ್ಥಾನದಲ್ಲಿ ನೋಡಬೇಕು. ವ್ಯಾಜ್ಯಗಳು ಬೆಟ್ಟದಂತೆ ಬೆಳೆದಿದ್ದವು. ಅವನು ವರ್ಷಕ್ಕೆ 230 ದಿನಗಳನ್ನು ನ್ಯಾಯವಿಚಾರಣೆಗೆಂದು ಗೊತ್ತುಮಾಡಿದನು. ನಮ್ಮ ಹಿರಿಯರು ಗಳಿಗೆ ಬಟ್ಟಲಿನಿಂದ ಕಾಲವನ್ನು ಅಳೆಯುತ್ತಿದ್ದಂತೆ ರೋಮಿನ ವಕೀಲರ ವಾದಕ್ಕೂ ನೀರಿನ ಗಡಿಯಾರವೇ ಅಳತೆ. ನೀರು ಮುಗಿದೊಡನೆ ವಾದವೂ ಮುಗಿಯಬೇಕು. ಕೆಲಸದ ಒತ್ತಡವಿದ್ದ ಅರಸನು ನೀರನ್ನು ಕಡಿಮೆ ಮಾಡಿಸುವುದು ಸಹಜ. ಮಾರ್ಕಸನಾದರೋ ವಕೀಲರಿಗೆ ಧಾರಾಳವಾಗಿ ನೀರನ್ನು ಅಳೆದು ಹಾಕಿಸುತ್ತಿದ್ದನು. ಒಂದೇ ಮೊಕದ್ದಮೆಯನ್ನು ಹನ್ನೊಂದು ಹನ್ನೆರಡು ದಿನಗಳವರೆಗೆ, ಕೆಲವೊಮ್ಮೆ ರಾತ್ರಿಯಲ್ಲಿಯೂ ಕುಳಿತು ಕೇಳಿದ್ದುಂಟು. ಎದುರಿಗೆ ನಿಂತವನ ಅಳಲನ್ನು ಕೇಳುವಷ್ಟು ಹೊತ್ತು ಅವನಿಗೆ ಅದೊಂದೇ ಕೆಲಸ.

ಸದಾಕಾಲ ಹೀಗೆಯೇ ಇದ್ದನೆಂದು ಹೇಳಲಾಗದು. ರಥಗಳ ಓಟದ ಪಂದ್ಯಗಳಿಗೆ ಚಕ್ರವರ್ತಿಯು ಬಂದು ಕೂಡಬೇಕೆಂಬುದು ಜನರ ಆಸೆ. ಅವನು ಬರುತ್ತಿದ್ದನು, ಬಂದು, ಅಲ್ಲಿಯೂ ಕಾಗದಪತ್ರಗಳನ್ನು ಓದಿಸಿ ಕೇಳುತ್ತ ರುಜು ಹಾಕುತ್ತ ಕೂಡುತ್ತಿದ್ದನು. ಜನರು ಬಹಿರಂಗವಾಗಿಯೇ ಅವನನ್ನು ಗೇಲಿಮಾಡಿದರು. ಆ ನಗೆಯಲ್ಲಿ ನ್ಯಾಯವಿಲ್ಲದಿರಲಿಲ್ಲ. ಅವನ ಮುದಿಗುರು ಫ್ರಾಂಟೊ ಸಹ, ಸಮುದ್ರತೀರಕ್ಕೆ ವಿಶ್ರಾಂತಿಗೆಂದು ಹೋಗಿಯೂ ದುಡಿಯುತ್ತಿದ್ದ ಶಿಷ್ಯನನ್ನು ಓಲೆ ಬರೆದು ಪ್ರೀತಿಯಿಂದ ಗದರಿಸಿದನು.

169ನೆಯ ವರ್ಷವು ಅವನ ಪಾಲಿಗೆ ಅತ್ಯಂತ ಕಠಿನವಾಗಿತ್ತು. ಉತ್ತರದಲ್ಲಿ ಮಾರ್ಕೊಮಾನಿ, ಕ್ವಾಡಿ ಮೊದಲಾದ ಬುಡಕಟ್ಟುಗಳು ಡ್ಯಾನ್ಯೂಬ್ ನದಿಯ ಗಡಿಯನ್ನು ಒತ್ತುತ್ತಿದ್ದವು. ರೋಗದಿಂದ ಸೈನ್ಯವು ಕ್ಷೀಣಿಸಿತ್ತು. ಬೊಕ್ಕಸ ಬರಿದಾಗಿತ್ತು. ಪ್ರಜೆಗಳ ಮೇಲೆ ಹೊಸ ಕಂದಾಯವನ್ನು ಹೇರಲೊಲ್ಲದೆ ಅವನು ಅರಮನೆಯ ಚಿನ್ನದ ಪಾತ್ರೆಗಳನ್ನೂ ಒಡವೆಗಳನ್ನೂ ಪತ್ನಿಯ ರೇಷ್ಮೆಯ ಉಡುಪುಗಳನ್ನೂ ಹರಾಜು ಹಾಕಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಆ ವರ್ಷವೇ ವೆರಸನು ಮರಣಹೊಂದಿ ರಾಜ್ಯದ ಹೊರೆಯೆಲ್ಲವೂ ಇವನೊಬ್ಬನ ಹೆಗಲಿಗೆ ಬಿದ್ದಿತು. ದಂಡಯಾತ್ರೆಗೆ ಹೊರಡಬೇಕೆನ್ನುವಷ್ಟರಲ್ಲಿ ಏಳು ವರ್ಷದ ಮಗನಿಗೆ ಕಿವಿಯ ಕೆಳಗೆ ಗಡ್ಡೆಯೆದ್ದಿತು. ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರು, ಮಗು ಉಳಿಯಲಿಲ್ಲ. ಮಾರ್ಕಸನು ಐದು ದಿನ ಮಾತ್ರ ಶೋಕವನ್ನಾಚರಿಸಿದನು. ಗುರುವಿಗಾಗಿ ಬಿಕ್ಕಿ ಅತ್ತಿದ್ದ ಹುಡುಗನು ಇವನೇ! ಇದು ಮನಸ್ಸಿನ ಶಾಂತಿಯೋ ಅಥವಾ ಕಾಠಿನ್ಯವೋ ಎಂಬ ಸಂಶಯವು ಓದುವವರಿಗೆ ಬಾರದಿರದು. ಆದರೆ ಆ ಐದು ದಿನಗಳಲ್ಲಿ ಅವನು ಮಾಡಿದ ಇನ್ನೊಂದು ಕಾರ್ಯವೂ ದಾಖಲಾಗಿದೆ. ಮಗುವನ್ನು ಉಳಿಸಲಾರದೆ ಹೋದ ವೈದ್ಯರನ್ನು ಅವನು ತಾನೇ ಸಮಾಧಾನಪಡಿಸಿದನು. ಆ ಬಳಿಕ ರಾಜಕಾರ್ಯಗಳಿಗೆ ಮರಳಿದನು.

ಅಲ್ಲಿಂದ ಮುಂದಿನ ಹಲವು ವರ್ಷಗಳು ಡ್ಯಾನ್ಯೂಬಿನ ದಡದ ಪಾಳೆಯಗಳಲ್ಲಿ ಕಳೆದವು. ಅವನದು ದುರ್ಬಲವಾದ ಶರೀರ. ಎದೆನೋವು, ಹೊಟ್ಟೆನೋವು ಬಿಡದ ಸಂಗಾತಿಗಳು. ಆ ಸೀಮೆಯ ಚಳಿಯನ್ನು ಮೊದಮೊದಲು ತಾಳಲಾರದೆ, ಸೈನಿಕರು ಸಾಲಾಗಿ ಬಂದು ನಿಂತ ಮೇಲೂ ಮಾತನಾಡದೆ ಒಮ್ಮೆ ಒಳಕ್ಕೆ ಹೋಗಿಬಿಡುತ್ತಿದ್ದನಂತೆ. ಊಟ ಅತ್ಯಲ್ಪ, ಅದೂ ರಾತ್ರಿಯ ಹೊತ್ತಿನಲ್ಲಿ. ಹಗಲೆಲ್ಲ ದೂತರು, ದಂಡನಾಯಕರು, ದೂರುಗಳು, ಗಾಯಾಳುಗಳು. ಈ ಗದ್ದಲದ ನಡುವೆ ಅವನು ಗ್ರೀಕ್ ಭಾಷೆಯಲ್ಲಿ ಟಿಪ್ಪಣಿಗಳನ್ನು ಬರೆದುಕೊಳ್ಳತೊಡಗಿದನು. ಒಂದು ಭಾಗದ ಜೊತೆಗೆ ಕ್ವಾಡಿಗಳ ನಾಡಿನ ಗ್ರಾನ್ ನದಿಯ ಹೆಸರಿದೆ. ಇನ್ನೊಂದರ ಜೊತೆಗೆ ಕಾರ್ನುಂಟಮ್ ಎಂಬ ಪಾಳೆಯದ ಹೆಸರಿದೆ.

ಆ ಟಿಪ್ಪಣಿಗಳಲ್ಲಿ ಯುದ್ಧದ ವರ್ಣನೆಯಿಲ್ಲ, ಗೆಲುವಿನ ಜಂಬವಿಲ್ಲ. ಅವನು ಅಲ್ಲಿ ಮಾತನಾಡುವುದು ತನ್ನೊಡನೆ ಮಾತ್ರ. ಬೆಳಗಿನಲ್ಲಿ ಹಾಸಿಗೆಯನ್ನು ಬಿಟ್ಟೇಳಲು ಚಕ್ರವರ್ತಿಗೂ ಬೇಸರವೇ! ಮೈಗಳ್ಳತನ ಮಾಡುವ ಮಗುವಿಗೆ ಬುದ್ಧಿ ಹೇಳುವಂತೆ ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಾನೆ. ಇಂದು ಕೃತಘ್ನರನ್ನೂ ಒರಟರನ್ನೂ ಕಾಣಬೇಕಾದೀತೆಂದು ಮೊದಲೇ ಎಣಿಸಿ, ಅವರ ಮೇಲೆ ಸಿಡುಕದಿರುವ ಸಿದ್ಧತೆಯನ್ನು ಮಾಡಿಕೊಳ್ಳುತ್ತಾನೆ. ಬೆಟ್ಟಕ್ಕೋ ಕಡಲ ತಡಿಗೋ ಹೋಗಿ ನೆಮ್ಮದಿಯಿಂದಿರಬೇಕೆಂಬ ಹಂಬಲ ಅವನಿಗೂ ಇತ್ತು. ಆದರೆ ಗಡಿಯನ್ನು ಬಿಟ್ಟು ಹೋಗುವಂತಿರಲಿಲ್ಲ. ಆದುದರಿಂದ ಹೋಗಬೇಕಾದ ಏಕಾಂತವು ತನ್ನೊಳಗೇ ಇದೆಯೆಂದೂ, ಅಲ್ಲಿಗೆ ಕ್ಷಣಮಾತ್ರದಲ್ಲಿ ಹೋಗಿ ಮರಳಿ ಬರಬಹುದೆಂದೂ ಅವನು ಕಂಡುಕೊಂಡನು. ಬರಲಿರುವ ವರ್ಷಗಳ ಹೊರೆಯನ್ನೆಲ್ಲ ಒಮ್ಮೆಗೇ ನೆನೆದು ಕಂಗೆಡದೆ, ಎದುರಿಗಿರುವ ಒಂದು ಕೆಲಸವನ್ನು ಅದೇ ಬಾಳಿನ ಕೊನೆಯ ಕೆಲಸವೆಂಬಂತೆ ಮಾಡಲು ಯತ್ನಿಸಿದನು. ಇದೇ ಮಾತನ್ನು ಅವನು ಮತ್ತೆ ಮತ್ತೆ ಬರೆದುಕೊಂಡಿರುವುದನ್ನು ನೋಡಿದರೆ ಈ ಶಾಂತಿಯು ಅವನಿಗೆ ಸುಲಭವಾಗಿ ಒದಗಿದುದಲ್ಲವೆಂಬುದು ಸ್ಪಷ್ಟ. ನಿನ್ನೆ ಗಳಿಸಿದ್ದು ಇಂದಿಗೆ ಉಳಿಯುತ್ತಿರಲಿಲ್ಲ.

175ರಲ್ಲಿ ಅದಕ್ಕೊಂದು ಪರೀಕ್ಷೆ ಬಂದಿತು. ಚಕ್ರವರ್ತಿಯು ಸತ್ತನೆಂಬ ಸುಳ್ಳು ಸುದ್ದಿಯನ್ನು ನಂಬಿ, ಪೂರ್ವದ ಪ್ರಾಂತಗಳ ಅಧಿಪತಿ ಅವಿಡಿಯಸ್ ಕ್ಯಾಸಿಯಸನು ತಾನೇ ಚಕ್ರವರ್ತಿಯೆಂದು ಘೋಷಿಸಿಕೊಂಡನು. ಮೂರು ತಿಂಗಳಲ್ಲಿ ಅವನ ಕಡೆಯವರೇ ಅವನನ್ನು ಕೊಂದು ತಲೆಯನ್ನು ಮಾರ್ಕಸನಿಗೆ ಕಳುಹಿಸಿದರು. ಮಾರ್ಕಸನು ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ, ಹೂಳಿಸಿಬಿಟ್ಟನು.

ಅವನಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ಗುಲಾಮನಾಗಿದ್ದವನಿಂದ ಪಾಠ ಕಲಿತರೂ ಗುಲಾಮಗಿರಿಯನ್ನು ಅವನು ತೊಡೆದುಹಾಕಲಿಲ್ಲ. 177ರಲ್ಲಿ ಗಾಲ್ ಪ್ರಾಂತದ ಲಿಯೋನ್ ನಗರದಲ್ಲಿ ಕ್ರೈಸ್ತರು ಕ್ರೂರ ಹಿಂಸೆಗೊಳಗಾದುದು ಅವನ ಆಳ್ವಿಕೆಯಲ್ಲಿಯೇ. ಮಗ ಕೊಮೊಡಸನನ್ನು ಉತ್ತರಾಧಿಕಾರಿಯನ್ನಾಗಿ ಮಾಡಿದ್ದಂತೂ ರೋಮಿಗೆ ಅನರ್ಥಕಾರಿಯಾಯಿತು.

180ರ ಮಾರ್ಚ್ ತಿಂಗಳಿನಲ್ಲಿ ಡ್ಯಾನ್ಯೂಬ್ ಸೀಮೆಯಲ್ಲಿಯೇ ಅವನು ಹಾಸಿಗೆ ಹಿಡಿದನು. ಕಾವಲುಪಡೆಗೆ ಪ್ರತಿದಿನವೂ ಹೊಸದೊಂದು ಸಂಕೇತಪದವನ್ನು ಚಕ್ರವರ್ತಿಯೇ ಕೊಡಬೇಕು. ಅಂದು ಸಹ ಅಧಿಕಾರಿಯು ಬಂದು ಕೇಳಿದನು. ತಾನು ಅಸ್ತಮಿಸುತ್ತಿರುವುದಾಗಿಯೂ ಉದಯಿಸುವ ಸೂರ್ಯನ ಬಳಿಗೆ, ಎಂದರೆ ತನ್ನ ಮಗನ ಬಳಿಗೆ, ಹೋಗಬೇಕೆಂದೂ ಮಾರ್ಕಸನು ತಿಳಿಸಿದನೆಂದು ಚರಿತ್ರಕಾರನೊಬ್ಬನು ಬರೆದಿದ್ದಾನೆ. ಆಗ ಅವನಿಗೆ ಐವತ್ತೆಂಟು ವರ್ಷ. ತಾನೊಬ್ಬನೇ ಓದಿಕೊಳ್ಳಲೆಂದು ಬರೆದಿಟ್ಟ ಆ ಟಿಪ್ಪಣಿಗಳಿಗೆ ಅವನು ಹೆಸರನ್ನೂ ಇಟ್ಟಿರಲಿಲ್ಲ. ಸುಮಾರು ಹದಿನಾಲ್ಕು ಶತಮಾನಗಳ ತರುವಾಯ, 1559ರಲ್ಲಿ, ಅವು ಜೂರಿಕ್ ನಗರದಲ್ಲಿ ಮೊದಲ ಬಾರಿಗೆ ಅಚ್ಚಾದವು.