ಚೈನ್ ಸಾ ಹುಟ್ಟಿದ್ದು ಹೆರಿಗೆ ಮಾಡಿಸಲಿಕ್ಕಾ? ಮರ ಕೊಯ್ಯುವ ಮೆಷಿನ್ ತಂದ ಆಂಡ್ರಿಯಾಸ್ ಸ್ಟಿಲ್ ಕಥೆ, ಫಾರ್ವರ್ಡ್‌ನಲ್ಲಿ ಇಲ್ಲದ ಸಂಗತಿ

ಮರ ಕೊಯ್ಯುವ ಚೈನ್ ಸಾ ಕಂಡುಹಿಡಿದದ್ದು ಹೆರಿಗೆ ಮಾಡಿಸಲಿಕ್ಕಂತೆ! ಇಂಥದ್ದೊಂದು ಫಾರ್ವರ್ಡ್ ನಿಮ್ಮ ಫೋನಿಗೂ ಬಂದಿರಬಹುದು. ಜೊತೆಗೆ ಇವತ್ತಿನ ಪೆಟ್ರೋಲ್ ಮೆಷಿನ್ನಿನ ಫೋಟೊ. ನೋಡಿದರೆ ಮೈ ಜುಮ್ ಎನ್ನುತ್ತದೆ, ಬೆರಳು ತಾನಾಗಿಯೇ ಶೇರ್ ಒತ್ತುತ್ತದೆ.

ಇದರಲ್ಲಿ ಅರ್ಧ ನಿಜ ಇದೆ. ಆದರೆ ಆ ಮೆಷಿನ್ ಹಿಡಿಯುವವರು ನಿಜವಾಗಿ ತಿಳಿದುಕೊಳ್ಳಬೇಕಾದದ್ದು ಬೇರೆಯೇ ಇದೆ.

ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಇಬ್ಬರು ವೈದ್ಯರು, ಜಾನ್ ಐಟ್ಕೆನ್ ಮತ್ತು ಜೇಮ್ಸ್ ಜೆಫ್ರಿ, ಹಲ್ಲುಗಳಿರುವ ಒಂದು ಸಣ್ಣ ಸರಪಳಿ ಗರಗಸ ರೂಪಿಸಿದರು. ಎರಡು ತುದಿಗೂ ಹಿಡಿ. ಅದನ್ನು ಕೈಯಿಂದ ಹಿಂದೆ ಮುಂದೆ ಎಳೆಯಬೇಕಿತ್ತು. ಕಾಯಿಲೆ ಬಂದ ಮೂಳೆ ಕತ್ತರಿಸುವುದು ಒಂದು ಉದ್ದೇಶ. ಸಿಸೇರಿಯನ್ ಎಂದರೆ ತಾಯಿಯ ಸಾವು ಎಂಬಂತಿದ್ದ ಆ ಕಾಲದಲ್ಲಿ, ಮಗು ಸಿಕ್ಕಿಕೊಂಡಾಗ ಸೊಂಟದ ಮುಂಭಾಗದ ಮೂಳೆಗಳ ಕೂಡುಜಾಗ ಕತ್ತರಿಸುವುದು ಇನ್ನೊಂದು.

1830ರಲ್ಲಿ ಜರ್ಮನಿಯ ಬರ್ನಾರ್ಡ್ ಹೈನೆ ಮೂಳೆ ಕತ್ತರಿಸಲು ಇನ್ನೊಂದು ಸಾಧನ ಮಾಡಿದರು. ಒಂದು ಪಟ್ಟಿಯ ಸುತ್ತ ಸರಪಳಿ ಓಡುತ್ತಿತ್ತು, ಹಿಡಿ ತಿರುಗಿಸಿದರೆ ಹಲ್ಲು ಮೂಳೆ ಕೊರೆಯುತ್ತಿತ್ತು. ನೋಡಲು ಇವತ್ತಿನ ಚೈನ್ ಸಾದ ಮರಿಯಂತೆ ಇತ್ತು. ಆದರೆ ಎಂಜಿನ್ ಇರಲಿಲ್ಲ. ಅಂದರೆ ಫೋಟೊದಲ್ಲಿರುವ ಪೆಟ್ರೋಲ್ ಮೆಷಿನ್ ಯಾವ ಹೆರಿಗೆ ಕೋಣೆಗೂ ಹೋಗಿದ್ದಲ್ಲ. ಅದು ಬಂದದ್ದು ಸುಮಾರು ನೂರು ವರ್ಷದ ನಂತರ, ಕಾಡಿನ ಕೆಲಸಕ್ಕಾಗಿ.

ಯಾರು ಈ ಆಂಡ್ರಿಯಾಸ್ ಸ್ಟಿಲ್?

ಆಂಡ್ರಿಯಾಸ್ ಸ್ಟಿಲ್ ಹುಟ್ಟಿದ್ದು 1896ರ ನವೆಂಬರ್ 10ರಂದು, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಜರ್ಮನಿಯಲ್ಲಿ. 1926ರಲ್ಲಿ ಸ್ಟುಟ್‌ಗಾರ್ಟ್ ನಗರದಲ್ಲಿ ತಮ್ಮದೇ ಕಂಪನಿ ಶುರು ಮಾಡಿದರು.

ಆಗ ಮರ ಉರುಳಿಸುವುದೆಂದರೆ ಕೊಡಲಿ ಮತ್ತು ಇಬ್ಬರು ಎಳೆಯುವ ಉದ್ದನೆಯ ಗರಗಸ. ದೊಡ್ಡ ಮರವಾದರೆ ಗಂಟೆಗಟ್ಟಲೆ ಬೆವರು ಸುರಿಸಬೇಕು. ಗರಗಸವನ್ನು ಮರದ ಹತ್ತಿರಕ್ಕೇ ಒಯ್ದು ಮೋಟಾರಿನಿಂದ ಓಡಿಸಬೇಕು ಎಂಬುದು ಸ್ಟಿಲ್ ಹಿಡಿದ ಹಟ. 1926ರಲ್ಲಿ ಅವರು ತಂದದ್ದು ಕರೆಂಟಿನಿಂದ ನಡೆಯುವ ಚೈನ್ ಸಾ. ಅದನ್ನು ಎತ್ತಲು ಇಬ್ಬರು ಬೇಕಿತ್ತು. ಕಾಡಿನಲ್ಲಿ ಕರೆಂಟ್ ಎಲ್ಲಿಂದ ಬರಬೇಕು? 1929ರಲ್ಲಿ ಪೆಟ್ರೋಲ್ ಮೆಷಿನ್ ಬಂತು. ತೂಕ ಸುಮಾರು 46 ಕಿಲೊ, ಒಂದು ಸಿಮೆಂಟ್ ಮೂಟೆಗಿಂತ ಸ್ವಲ್ಪ ಕಡಿಮೆ ಅಷ್ಟೆ.

ಚೈನ್ ಸಾದ ಪಿತಾಮಹ ಎಂದು ಅವರೊಬ್ಬರನ್ನೇ ಕರೆಯುವುದೂ ಪೂರ್ತಿ ಸರಿಯಲ್ಲ. 1927ರಲ್ಲೇ ಎಮಿಲ್ ಲೆರ್ಪ್ ಎಂಬ ಇನ್ನೊಬ್ಬ ಜರ್ಮನ್ ಪೆಟ್ರೋಲ್ ಚೈನ್ ಸಾವನ್ನು ಡೋಲ್ಮಾರ್ ಎಂಬ ಬೆಟ್ಟದಲ್ಲಿ ಪರೀಕ್ಷಿಸಿದ್ದರು. ಮರ ಕೊರೆಯುವ ಹುಳದ ದವಡೆ ನೋಡಿ ಚೈನಿನ ಹಲ್ಲಿಗೆ ಇವತ್ತಿನ ಆಕಾರ ಕೊಟ್ಟವರು ಅಮೆರಿಕದ ಜೋಸೆಫ್ ಕಾಕ್ಸ್, 1940ರ ದಶಕದಲ್ಲಿ.

ಸ್ಟಿಲ್ ಬದುಕಿನಲ್ಲಿ ಕಪ್ಪು ಅಧ್ಯಾಯವೂ ಇದೆ. ಅವರು ಹಿಟ್ಲರನ ನಾಜಿ ಪಕ್ಷ ಸೇರಿದ್ದರು, ಎಸ್‌ಎಸ್ ಪಡೆಯ ಸದಸ್ಯರೂ ಆಗಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕನ್ನರು ಅವರನ್ನು ಬಂಧನದಲ್ಲಿಟ್ಟಿದ್ದರು. ಬಿಡುಗಡೆಯಾದ ಮೇಲೆ ಮತ್ತೆ ಮೆಷಿನ್ ಕೆಲಸಕ್ಕೇ ಮರಳಿದರು.

ಹಗುರ ಆಯಿತು, ಅಪಾಯವೂ ಬಂತು

1950ರಲ್ಲಿ ಸ್ಟಿಲ್ ಕಂಪನಿ ಒಬ್ಬರೇ ಹಿಡಿಯಬಹುದಾದ ಪೆಟ್ರೋಲ್ ಚೈನ್ ಸಾ ಹೊರತಂದಿತು. ತೂಕ ಸುಮಾರು 16 ಕಿಲೊ. 1959ರಲ್ಲಿ ಬಂದ ಕಾಂಟ್ರಾ ಎಂಬ ಮಾಡೆಲ್ ಸುಮಾರು 12 ಕಿಲೊಗೆ ಇಳಿಯಿತು. 30 ವರ್ಷದಲ್ಲಿ ತೂಕ ನಾಲ್ಕನೇ ಒಂದು ಭಾಗ ಆಗಿತ್ತು. ಕಾಡಿನ ಕೂಲಿಗಳಿಗೆ ಇದು ದೊಡ್ಡ ವರವೇ.

ಆದರೆ ಒಂದು ಬದಲಾವಣೆ ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಇಬ್ಬರು ಹಿಡಿಯುವ ಮೆಷಿನ್ನಿನಲ್ಲಿ ಬಾರ್‌ನ ತುದಿಯನ್ನು ಎರಡನೆಯವನು ಹಿಡಿದಿರುತ್ತಿದ್ದ. ಒಬ್ಬನೇ ಹಿಡಿದಾಗ ಆ ಮೂತಿ ಖಾಲಿ. ಅಲ್ಲಿಂದಲೇ ಬರುತ್ತದೆ ಕಿಕ್‌ಬ್ಯಾಕ್.

ಚೈನ್ ಬಾರ್‌ನ ಮೇಲ್ಭಾಗದಲ್ಲಿ ಮುಂದಕ್ಕೆ ಓಡುತ್ತದೆ, ಮೂತಿಯಲ್ಲಿ ಕೆಳಕ್ಕೆ ತಿರುಗುತ್ತದೆ, ಕೆಳಭಾಗದಲ್ಲಿ ನಮ್ಮ ಕಡೆಗೆ ಬರುತ್ತದೆ. ಮೂತಿಯ ಮೇಲಿನ ಅರ್ಧ ಕೊಂಬೆಗೋ, ಹಿಂದೆ ಬಿದ್ದ ದಿಮ್ಮಿಗೋ ತಾಗಿತು ಎಂದುಕೊಳ್ಳಿ. ಓಡುತ್ತಿರುವ ಹಲ್ಲು ಅಲ್ಲಿ ಕಚ್ಚಿಕೊಳ್ಳುತ್ತದೆ. ಆ ಬಲವೆಲ್ಲ ತಿರುಗಿ ಮೆಷಿನ್ ಮೇಲೇ ಬೀಳುತ್ತದೆ. ಬಾರ್ ಮೇಲಕ್ಕೆ, ಹಿಂದಕ್ಕೆ, ನೇರವಾಗಿ ಹಿಡಿದವರ ಮುಖ, ಕುತ್ತಿಗೆ, ಭುಜದ ಕಡೆಗೆ ಚಿಮ್ಮುತ್ತದೆ. ಚೈನಿನ ವೇಗ ಸೆಕೆಂಡಿಗೆ ಸುಮಾರು 20 ಮೀಟರ್, ಅಂದರೆ ಗಂಟೆಗೆ 70 ಕಿಲೊಮೀಟರ್. ಕೈಗೆ ಬಲ ಇದ್ದರೆ ತಡೆಯಬಹುದು ಎನ್ನುವುದು ಸುಳ್ಳು. ಏನಾಯಿತು ಎಂದು ಮೆದುಳಿಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಎರಡನೇ ತೊಂದರೆ ನಿಧಾನವಾಗಿ ಬರುವಂಥದ್ದು. ವರ್ಷಗಟ್ಟಲೆ ಮೆಷಿನ್ನಿನ ನಡುಕ ತಿಂದ ಕೈಗಳಲ್ಲಿ ರಕ್ತನಾಳ ಮತ್ತು ನರಗಳು ಹಾಳಾಗುತ್ತವೆ. ಚಳಿಯಲ್ಲಿ ಬೆರಳು ಬಿಳಿಚಿಕೊಂಡು ಜೋಮು ಹಿಡಿಯುತ್ತವೆ, ಅಂಗಿಯ ಗುಂಡಿ ಹಾಕುವುದೂ ಕಷ್ಟವಾಗುತ್ತದೆ. ಇದಕ್ಕೆ ವೈಟ್ ಫಿಂಗರ್ ಎಂಬ ಹೆಸರಿದೆ. 1960ರ ದಶಕದಲ್ಲಿ ನಡುಕ ತಗ್ಗಿಸುವ ಹಿಡಿ ಬಂತು.

ಕಿಕ್‌ಬ್ಯಾಕ್ ಆದಾಗ ಚೈನ್ ನಿಲ್ಲಿಸುವ ಬ್ರೇಕ್ ಸ್ಟಿಲ್ ಮೆಷಿನ್ನುಗಳಿಗೆ ಬಂದದ್ದು 1972ರಲ್ಲಿ. ಮರುವರ್ಷ, 1973ರ ಜನವರಿ 14ರಂದು, ಆಂಡ್ರಿಯಾಸ್ ಸ್ಟಿಲ್ ತೀರಿಕೊಂಡರು. ಅಷ್ಟರಲ್ಲಿ ಅವರ ಕಂಪನಿ ಚೈನ್ ಸಾ ಮಾರಾಟದಲ್ಲಿ ಜಗತ್ತಿಗೇ ಮೊದಲನೆಯದಾಗಿತ್ತು. ಮೆಷಿನ್ ವೇಗವಾಗಿ ಕೊಯ್ಯಬೇಕು, ಹಗುರಾಗಬೇಕು ಎಂಬ ಕೆಲಸ 1926ರಲ್ಲೇ ಶುರುವಾಗಿತ್ತು. ಹಿಡಿದವನನ್ನು ಕಾಯುವ ಬ್ರೇಕಿಗೆ 46 ವರ್ಷ ಬೇಕಾಯಿತು.

ನಮ್ಮ ತೋಟದಲ್ಲಿ ಏನು ಮಾಡಬೇಕು?

ಇವತ್ತು ಮಲೆನಾಡು, ಕೊಡಗಿನ ತೋಟಗಳಲ್ಲಿ ನೆರಳಿನ ಮರ ಸವರಲು, ಗಾಳಿಗೆ ಬಿದ್ದ ಮರ ತೆಗೆಯಲು ಈ ಮೆಷಿನ್ ಬೇಕೇ ಬೇಕು. ಹಿಡಿಯುವ ಮುನ್ನ ಇಷ್ಟು ನೆನಪಿಡಿ.

• ಮುಂದಿನ ಹಿಡಿಯ ಎದುರು ಇರುವ ಅಡ್ಡ ಗಾರ್ಡ್ ಬರೀ ಕೈ ಮರೆ ಅಲ್ಲ, ಅದೇ ಬ್ರೇಕ್. ದಿನಾ ಕೆಲಸಕ್ಕೆ ಮುಂಚೆ ಚೈನ್ ಓಡಿಸಿ, ಗಾರ್ಡನ್ನು ಮುಂದಕ್ಕೆ ತಳ್ಳಿ. ಚೈನ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ಮೆಷಿನ್ ಮುಟ್ಟಬೇಡಿ.
• ಎರಡೂ ಕೈಯಲ್ಲೇ ಹಿಡಿಯಿರಿ. ಎಡಗೈ ಹೆಬ್ಬೆರಳು ಹಿಡಿಯ ಕೆಳಗಿನಿಂದ ಸುತ್ತಿಕೊಂಡಿರಲಿ.
• ಮೂತಿಯಿಂದ ಕೊಯ್ಯಬೇಡಿ. ಭುಜಕ್ಕಿಂತ ಮೇಲೆ ಎತ್ತಬೇಡಿ. ಏಣಿ ಹತ್ತಿ ಓಡಿಸಲೇಬೇಡಿ.
• ಸ್ಟಾರ್ಟ್ ಮಾಡುವಾಗ ಬ್ರೇಕ್ ಹಾಕಿ, ಮೆಷಿನ್ ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಕಾಲಿನಿಂದ ಒತ್ತಿ ಹಿಡಿದು ಹಗ್ಗ ಎಳೆಯಿರಿ. ಗಾಳಿಯಲ್ಲಿ ಎತ್ತಿ ಹಿಡಿದು ಎಳೆಯುವುದು ಶೋಕಿ, ಅಪಾಯ.
• ಲುಂಗಿ, ಹೆಗಲ ಮೇಲಿನ ಟವೆಲ್, ಚಪ್ಪಲಿ ಬೇಡ. ಹೆಲ್ಮೆಟ್, ಕಣ್ಣಿಗೆ ಕನ್ನಡಕ, ಕಿವಿಗೆ ಮರೆ, ಗಟ್ಟಿ ಬೂಟು ಬೇಕು. ಇದಕ್ಕೆಂದೇ ಬರುವ ಪ್ಯಾಂಟಿನ ಒಳಗಿನ ಉದ್ದ ನಾರು ಹೊರಬಂದು ಚೈನಿಗೆ ಸಿಕ್ಕಿ ಅದನ್ನು ನಿಲ್ಲಿಸುತ್ತದೆ. ಆದರೂ ಅದು ಉಕ್ಕಿನ ಕವಚವಲ್ಲ.
• ಚಕ್ಕೆಯ ಬದಲು ಹಿಟ್ಟಿನಂಥ ಪುಡಿ ಬರುತ್ತಿದ್ದರೆ ಚೈನ್ ಮೊಂಡಾಗಿದೆ ಎಂದರ್ಥ. ಒತ್ತಿ ಕೊಯ್ಯುವ ಬದಲು ನಿಲ್ಲಿಸಿ ಹರಿತ ಮಾಡಿ.
• ಒಬ್ಬರೇ ಹೋಗಬೇಡಿ. ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಬ್ಬರು ಇರಲಿ.

ಸಣ್ಣ ಮೆಷಿನ್‌ಗೆ ಭಯ ಬೇಡ ಎಂಬುದೂ ತಪ್ಪು ನಂಬಿಕೆ. ಆನ್‌ಲೈನಿನಲ್ಲಿ ಸಿಗುವ ಒಂದೇ ಕೈಯ ಬ್ಯಾಟರಿ ಚೈನ್ ಸಾ ಕೂಡ ಚಿಮ್ಮುತ್ತದೆ, ಇನ್ನೊಂದು ಕೈ ಹೆಚ್ಚಾಗಿ ಅದರ ದಾರಿಯಲ್ಲೇ ಇರುತ್ತದೆ. ಕಬ್ಬಿಣ ಕತ್ತರಿಸುವ ಕೈ ಗ್ರೈಂಡರಿಗೆ ಮರದ ಹಲ್ಲು ಬ್ಲೇಡ್ ಹಾಕುವುದು ಅದಕ್ಕಿಂತ ಕೆಟ್ಟದ್ದು. ಗ್ರೈಂಡರ್ ನಿಮಿಷಕ್ಕೆ 10 ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಗಾರ್ಡ್ ಬಿಚ್ಚಿದ್ದರಂತೂ ಬೆರಳಿಗೂ ಬ್ಲೇಡಿಗೂ ನಡುವೆ ಏನೂ ಇಲ್ಲ.

ಗಾಯವಾದರೆ?

ಅರಿಶಿನ, ಕಾಫಿ ಪುಡಿ ಹಾಕಬೇಡಿ. ಅದರಿಂದ ಗಾಯ ಕೊಳಕಾಗುತ್ತದೆ, ಆಳದ ರಕ್ತ ನಿಲ್ಲುವುದಿಲ್ಲ. ಶುದ್ಧ ಬಟ್ಟೆ ಮಡಿಸಿ ಗಾಯದ ಮೇಲೇ ಬಲವಾಗಿ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ಎತ್ತಿ ನೋಡಬೇಡಿ, 108ಕ್ಕೆ ಕರೆ ಮಾಡಿ. ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲೆ ಇಟ್ಟು ಜೊತೆಗೇ ಒಯ್ಯಿರಿ. ನೇರ ಐಸಿನಲ್ಲಿ ಹಾಕಬಾರದು.

ತೀರ್ಪು

ಚೈನ್ ಸಾ ಹೆರಿಗೆಗಾಗಿ ಹುಟ್ಟಿತು ಎಂಬ ಫಾರ್ವರ್ಡ್ ಅರ್ಧ ನಿಜ. ಕೈಯಿಂದ ಎಳೆಯುವ ಸಣ್ಣ ಸರಪಳಿ ಗರಗಸದ ಮಟ್ಟಿಗೆ ಹೌದು, ಫೋಟೊದಲ್ಲಿರುವ ಎಂಜಿನ್ ಮೆಷಿನ್ ಮಟ್ಟಿಗೆ ಅಲ್ಲ. ನಿಮ್ಮ ಗ್ರೂಪಿನಲ್ಲಿ ತೋಟ ಇರುವವರು, ಮರಗೆಲಸದವರು ಇದ್ದರೆ ಬ್ರೇಕ್ ಪರೀಕ್ಷೆಯ ವಿಷಯವನ್ನು ಅವರಿಗೆ ಕಳಿಸಿ. ನಾಳೆ ಬೆಳಿಗ್ಗೆ ಮೆಷಿನ್ ಎತ್ತುವ ಮುನ್ನ ಒಮ್ಮೆ ಗಾರ್ಡ್ ತಳ್ಳಿ ನೋಡಲಿ.